ಸಗಣಿ ಮೆತ್ತಿದ ಮುಖ

ಇಂದು ಬೆಳಿಗ್ಗೆ ಪಕ್ಕದ ಬೀದಿಯಲ್ಲಿ ಯಾರೋ ಅಂಗಳವನ್ನು ಸಗಣಿಯಿಂದ ಸಾರಿಸಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ತಾಳವಾಡಿ ಬೆಟ್ಟದ ಗುಮಟಾಪುರದಲ್ಲಿದ್ದೆ.

ಅದು ಅಪ್ಪನ ಊರು. ನಾವಿದ್ದದ್ದು ಸತ್ಯಮಂಗಲದಲ್ಲಿ. ದೀಪಾವಳಿಗೆ ದಿಂಬಂ ಘಾಟಿ ಹತ್ತಿ ಅಜ್ಜಿಯ ಮನೆಗೆ ಹೋಗುತ್ತಿದ್ದೆವು. ಹಬ್ಬ ಮುಗಿದ ಮೇಲೆ ಬೀರೇಶ್ವರನ ಗುಡಿಯ ಹಿಂದೆ ಊರಿನ ಕೊಟ್ಟಿಗೆಗಳ ಸಗಣಿಯೆಲ್ಲ ರಾಶಿ ಬೀಳುತ್ತಿತ್ತು. ಊರಿನ ವಾಡಿಕೆಯ ಆಟದಂತೆ ಗಂಡಸರು ಅಂಗಿ ಕಳಚಿಟ್ಟು, ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎಸೆಯುತ್ತಿದ್ದರು. ಹೆಂಗಸರು, ಮಕ್ಕಳು ಜಗಲಿಯ ಮೇಲೆ ನಿಂತು ನಗುತ್ತಿದ್ದೆವು.

ಒಂದು ವರ್ಷ ಮಾತ್ರ ನನಗೆ ನಗು ಬರಲಿಲ್ಲ. ಹೊಲದ ಬದುವಿನ ಜಗಳದಲ್ಲಿ ಅಪ್ಪ, ಚಿಕ್ಕಪ್ಪ ಮಾತು ಬಿಟ್ಟಿದ್ದರು. ಹಬ್ಬಕ್ಕೆ ಸೇರಿದಾಗಲೂ ಒಂದೇ ಮನೆಯಲ್ಲಿ ಬೇರೆ ಬೇರೆ ಹೊತ್ತಿಗೆ ಉಣ್ಣುತ್ತಿದ್ದರು. ಆದರೂ ಇಬ್ಬರೂ ಆಟಕ್ಕಿಳಿದಿದ್ದರು.

ಮೈಯೆಲ್ಲ ಸಗಣಿಯಾಗಿ ಗುರುತೇ ಸಿಗದ ಆ ಗುಂಪಿನಲ್ಲಿ ಒಬ್ಬರು ಜಾರಿ ಮುಖ ಅಡಿಯಾಗಿ ಬಿದ್ದರು. ಅಪ್ಪ ಓಡಿಹೋಗಿ ಎಬ್ಬಿಸಿ, ಸೊಂಟದ ಟವೆಲ್ಲಿನಿಂದ ಅವರ ಕಣ್ಣು ಒರೆಸಿದರು.

“ಯಾರ್ಲಾ ನೀನು? ಏಟಾಯ್ತಾ?”

“ನಾನೇ ಕಣಣ್ಣ,” ಎಂದರು ಚಿಕ್ಕಪ್ಪ.

 ಅಪ್ಪ ತಮ್ಮನ ಕೈ ಹಿಡಿದು, “ನಡಿ, ಕೆರೆಗೋಗಿ ತೊಳ್ಕೊಳವ,” ಎಂದರು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತಾಗ ಅಜ್ಜಿ ಬಡಿಸುವುದನ್ನೇ ಮರೆತು ನಿಂತಿದ್ದರು.

ಈಗಷ್ಟೇ ಅಪ್ಪನಿಗೆ ಫೋನ್ ಮಾಡಿ ಕೇಳಿದೆ: “ಅದು ಚಿಕ್ಕಪ್ಪ ಅಂತ ಆಗ ನಿಜವಾಗ್ಲೂ ಗೊತ್ತಾಗಲಿಲ್ವಾ?”

ಅಪ್ಪ ನಕ್ಕರು. “ಬೀಳೋವಾಗ್ಲೇ ಗೊತ್ತಾಗಿತ್ತು ಕಣವ್ವ. ಅದಕ್ಕೇ ಅಲ್ವಾ ಓಡಿದ್ದು?”