ಇ-ಮೇಲ್ ಹೊಟ್ಟೆಯೊಳಗಿನ ಇ-ಮೇಲ್

ಮಗುವಿಗೆ ಎರಡು ತುತ್ತು ಉಣ್ಣಿಸೋಣವೆಂದು ಕೂತರೆ ಸಾಕು, ಸಿಂಧನೂರಿನವರಿಗೆಲ್ಲ ಆಗಲೇ ನಮ್ಮ ಝೆರಾಕ್ಸ್ ಅಂಗಡಿ ನೆನಪಾಗುತ್ತದೆ. ಅವತ್ತು ಬಂದಾಕೆ ಮುಕ್ಕುಂದದ ಕಡೆಯವರು. ಕಾಲೇಜು ಹೊತ್ತಿನ ಬಸ್ಸು ತಮ್ಮ ಕ್ರಾಸಿನಲ್ಲಿ ನಿಲ್ಲುವುದಿಲ್ಲ ಎಂದು ಹಿಂದೊಮ್ಮೆ ನನ್ನಿಂದಲೇ ಅರ್ಜಿ ಟೈಪ್ ಮಾಡಿಸಿ ಸಿಂಧನೂರಿನ ಸಾರಿಗೆ ಕಚೇರಿಗೆ ಇ-ಮೇಲ್ ಕಳಿಸಿದ್ದರು.

"ಉತ್ತರ ಬಂದೈತಿ, ತೆಗದು ಓದವ್ವ. ಬಸ್ ನಿಲ್ಲದಿದ್ರ ಮಗಳ ಕಾಲೇಜು ಬಿಡಸ್ತೀನಂತ ನಮ್ಮನಿಯವ್ರು ಕುಂತಾರ."

ತೆಗೆದೆ. ಮಸ್ಕಿಯ ಸಾರಿಗೆ ಕಚೇರಿಯಿಂದ ಬಂದಿತ್ತು. "ಮಾಹಿತಿಗಾಗಿ ಲಗತ್ತಿಸಿದೆ" ಎಂಬ ಒಂದೇ ಸಾಲು. ಲಗತ್ತು ಒತ್ತಿದರೆ ಒಳಗೆ ಇನ್ನೊಂದು ಇಡೀ ಇ-ಮೇಲ್. ಅದಕ್ಕೂ ತನ್ನದೇ ಆದ ಕಳಿಸಿದವರ ಹೆಸರು, ತಾರೀಖು ಎಲ್ಲ ಇತ್ತು. ಲಿಂಗಸುಗೂರಿನವರು ಅದನ್ನು ಮಸ್ಕಿಗೆ ದೂಡಿದ್ದರು. ಅದಕ್ಕೂ ಒಂದು ಲಗತ್ತು. ಅದರಲ್ಲಿ ಸಿಂಧನೂರಿನವರು ಲಿಂಗಸುಗೂರಿಗೆ ದೂಡಿದ್ದರು.

"ಇನ್ನಾ ಐತೇನು?"

"ತಡೀರಿ ಅಕ್ಕಾ. ಒಬ್ಬೊಬ್ಬ ಸಾಹೇಬ ಒಂದೊಂದು ಕೌದಿ ಹೊಚ್ಯಾನ, ಒಂದೊಂದ ತೆಗೀಬೇಕು."

ಕಡೆಯದನ್ನೂ ತೆರೆದೆ. ಅಲ್ಲಿ ಇದ್ದದ್ದು ನಾನೇ ಟೈಪ್ ಮಾಡಿದ ಅರ್ಜಿ.

ಆಕೆ ಬಗ್ಗಿ ನೋಡಿದರು. "ಇದು ನಾವು ಕಳಿಸಿದ್ದ ಅಲ್ಲೇನು?"

"ಹೌದ್ರಿ. ಯಾರೂ ಒಂದು ಉತ್ತರಾನೂ ಬರದಿಲ್ಲ. ಮೂರೂರು ತಿರುಗಿ ವಾಪಸ್ ಬಂದೈತಿ. ನಿಮ್ಮ ಮಗಳಿಗೆ ಸಿಗದ ಬಸ್ಸು ಇದಕ್ಕ ಸಿಕ್ಕೈತಿ ನೋಡ್ರಿ."

ಆಕೆ ನಗಲಿಲ್ಲ. ಸೆರಗು ಸರಿಮಾಡಿಕೊಂಡು ಕೇಳಿದರು: "ಹಂಗಾರ ನಾಳೆ ಮುಂಜಾನೆ ನನ್ನ ಮಗಳು ಎಲ್ಲಿ ನಿಂದ್ರಬೇಕು?"