ಬೈಲಪ್ಪನ ಒಂಬತ್ತು ಮೈಲಿ

ಬೆಳಗಿನ ಆರೂವರೆ. ಹೊನ್ನಾಳಿ ಕಡೆಯಿಂದ ಬಂದ ಮೊದಲ ಬಸ್ಸು ಸಾಸ್ವೆಹಳ್ಳಿಯಲ್ಲಿ ಟಪಾಲು ಚೀಲ ಇಳಿಸಿ ಹೋಗುತ್ತದೆ. ಅಂಚೆಯ ಬೈಲಪ್ಪ ನಿಂತುಕೊಂಡೇ ಕಾಗದಗಳನ್ನು ಊರುವಾರು ವಿಂಗಡಿಸುತ್ತಾರೆ. ಪಕ್ಕದಲ್ಲೇ ಸ್ಟೂಲಿದೆ, ಕೂರುವುದಿಲ್ಲ. ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕಾಲು ಚಾಚಿ ಕೂತವರನ್ನು ಒಮ್ಮೆ ದುರುಗುಟ್ಟಿ ನೋಡಿ, ಅಂಗಿಯೊಳಗಿನ ಹೊಟ್ಟೆಪಟ್ಟಿಯನ್ನು ಒತ್ತಿಕೊಂಡು ನಾಲೆ ಏರಿಯ ದಾರಿ ಹಿಡಿಯುತ್ತಾರೆ. ದಿನಕ್ಕೆ ಐದು ಹಳ್ಳಿ, ಒಂಬತ್ತು ಮೈಲಿ, ನಲವತ್ತು ಐವತ್ತು ಕಾಗದ.

ಮೊದಲು ಸೈಕಲ್ಲಿನಲ್ಲಿ ಸುತ್ತುತ್ತಿದ್ದರು. 1981ರಲ್ಲಿ ಕೂತರೆ ನೋವು, ರಕ್ತ. ಮೂಲವ್ಯಾಧಿಯೆಂದು ಒಂದು ವರ್ಷ ಕಳೆದರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಗುದದ್ವಾರದ ಕ್ಯಾನ್ಸರ್ ಎಂದರು. ಪಕ್ಕದ ಮಂಚದಲ್ಲಿ ಜಗಳೂರಿನ ಗಾರೆ ಕೆಲಸದ ಓಬಣ್ಣ. ಅದೇ ಕಾಯಿಲೆ, ಗಡ್ಡೆ ಸುಡಲು ಅದೇ ಕರೆಂಟು, ಅಂದರೆ ವಿಕಿರಣ, ಅದೇ ಔಷಧಿ. ಮೂರು ತಿಂಗಳ ನಂತರ ಇಬ್ಬರನ್ನೂ ಕರೆಸಿ ನೋಡಿದರು. ಓಬಣ್ಣನ ಗಡ್ಡೆ ಕರಗಿತ್ತು. ಬೈಲಪ್ಪನದು ಕರಗಿರಲಿಲ್ಲ.

“ಅವ್ನು ನಗ್ತಾ ಊರಿಗೆ ಹೊಂಟ. ನಂಗೆ ಮೈಯೆಲ್ಲ ಉರಿದೋತು ರೀ. ನಾನೇನು ಪಾಪ ಮಾಡಿದ್ದೆ?” ಎಂದು ಈಗಲೂ ಕೇಳುತ್ತಾರೆ ಬೈಲಪ್ಪ.

ಉಳಿದದ್ದು ಆಪರೇಷನ್ ಒಂದೇ. ಗುದದ್ವಾರವನ್ನೇ ತೆಗೆದು ಹೊಲಿದು, ಹೊಟ್ಟೆಯ ಎಡಬದಿಯಲ್ಲಿ ಮಲ ಹೋಗಲು ದಾರಿ ಮಾಡಿದರು. ಗಾಯ ಮಾಯಲು ಐದು ತಿಂಗಳು ಹಿಡಿಯಿತು. ಹೆಂಡತಿ ಭೀಮಕ್ಕ ಹಳೇ ಪಂಚೆ, ಪ್ಲಾಸ್ಟಿಕ್ ಸೇರಿಸಿ ಚೀಲವನ್ನೂ ಅದನ್ನು ಹೊಟ್ಟೆಗೆ ಕಟ್ಟಿಕೊಳ್ಳಲು ಪಟ್ಟಿಯನ್ನೂ ಹೊಲಿದುಕೊಟ್ಟರು. ಸೈಕಲ್ ಸೀಟಿನ ಮೇಲೆ ಇನ್ನು ಕೂರಲಾಗದು ಎಂದು ತಿಳಿದ ದಿನದಿಂದ ಬೈಲಪ್ಪ ನಡೆಯುತ್ತಿದ್ದಾರೆ.

ಯುಗಾದಿಗೊಮ್ಮೆ ಓಬಣ್ಣನ ಕಾರ್ಡು ಬರುತ್ತಿತ್ತು: ‘ಆರಾಮಿದೀನಿ, ಸೈಕಲ್ ಹೊಡೀತೀನಿ.’ ಊರವರ ಕಾಗದವನ್ನು ಒಂದು ದಿನವೂ ತಡಮಾಡದ ಬೈಲಪ್ಪ, ತಮ್ಮ ಹೆಸರಿನ ಆ ಕಾರ್ಡಿಗೆ ಒಮ್ಮೆಯೂ ಉತ್ತರ ಬರೆಯಲಿಲ್ಲ.

1985ರ ಕಾರ್ಡು ಬರೆಸಿದ್ದು ಓಬಣ್ಣನ ಹೆಂಡತಿ ಅಜ್ಜಮ್ಮ. ಗಡ್ಡೆ ಮತ್ತೆ ಬಂದಿದೆ, ಆಪರೇಷನ್ನಿಗೆ ಒಪ್ಪದೆ ಸಾಯುತ್ತೇನೆ ಅನ್ನುತ್ತಿದ್ದಾರೆ, ನೀವಾದರೂ ಬಂದು ಹೇಳಿ.

“ಓದಿದ ಕೂಡ್ಲೆ ಒಳಗೊಳಗೇ ಸಮಾಧಾನ ಆತು. ಸುಳ್ಳು ಯಾಕೆ ಹೇಳ್ಲಿ? ಆಮ್ಯಾಕೆ ಊಟ ಸೇರ್ಲಿಲ್ಲ.”

ಮರುದಿನ ರಜೆ ಹಾಕಿ, ಬಸ್ಸಿನಲ್ಲಿ ನಿಂತುಕೊಂಡೇ ಜಗಳೂರಿಗೆ ಹೋದರು. ಓಬಣ್ಣ ಗೋಡೆಯ ಕಡೆ ಮುಖಮಾಡಿ ಮಲಗಿದ್ದರು. ಬೈಲಪ್ಪ ಬಾಗಿಲು ಹಾಕಿ, ಅಂಗಿ ತೆಗೆದು, ಹೆಂಡತಿಯ ಹೊರತು ಯಾರಿಗೂ ತೋರಿಸದ ಪಟ್ಟಿಯನ್ನು ಬಿಚ್ಚಿದರು.

“ನೋಡು. ಇದನ್ನ ಕಟ್ಕಂಡು ಒಂಬತ್ತು ಮೈಲಿ ನಡೀತೀನಿ. ನಿನ್ ಕೈಲಿ ಆಗಾಕಿಲ್ವ?”

ಓಬಣ್ಣ ಈ ಕಡೆ ಹೊರಳಿ ನೋಡಿ ಕೇಳಿದರು: “ನಾತ ಬರಾಕಿಲ್ವ?”

“ಬರ್ತೈತೆ. ತೊಳ್ಕಂಡ್ರೆ ಹೋಗ್ತೈತೆ.”

ಆ ವಾರವೇ ಓಬಣ್ಣ ಬೆಂಗಳೂರಿನ ಬಸ್ಸು ಹತ್ತಿದರು. ಆಪರೇಷನ್ ಆಗಿ ಈಗ ಎರಡು ವರ್ಷ. ಮತ್ತೆ ಗೋಡೆ ಕಟ್ಟುತ್ತಿದ್ದಾರೆ. ಗಾಯ ಎರಡೇ ತಿಂಗಳಿಗೆ ವಾಸಿಯಾಯಿತಂತೆ. ಅದನ್ನು ಹೇಳುವಾಗ ಬೈಲಪ್ಪನ ಮುಖ ಬಿಗಿಯುತ್ತದೆ. “ಅದೂ ಅವ್ನಿಗೇ ಬೇಗ!”

ನಿಮಗೇನು ಆಸೆ ಎಂದರೆ ಟಪಾಲು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಾರೆ.

“ಓಬಣ್ಣ ನೂರು ವರ್ಷ ಬಾಳ್ಲಿ ರೀ. ನಾನು ಅವ್ನಿಗಿಂತ ಒಂದಿನ ಜಾಸ್ತಿ.”