ಪುಟ್ಟತಾಯಮ್ಮ ಪಾಂಡವಪುರಕ್ಕೆ ಹೋದದ್ದು

ಪಾಲಹಳ್ಳಿಯ ಪುಟ್ಟತಾಯಮ್ಮನಿಗೆ ಫುಟ್‌ಬಾಲಿನ ಹುಚ್ಚು ಹತ್ತಿದ್ದು ಜಗಳದಿಂದ. ನಾಲೆಯ ಪಕ್ಕದ ಬಯಲಿನಲ್ಲಿ ಊರಿನವರು ಆಡುವಾಗ ಚೆಂಡು ಬಂದು ಅವಳ ಭತ್ತದ ಗದ್ದೆಗೆ ಬೀಳುತ್ತಿತ್ತು. ಬದುವಿನ ಮೇಲೆ ಕಾದು ಕೂತು, ಚೆಂಡು ಹುಡುಕಿಕೊಂಡು ಬಂದವನಿಗೆ ಮಂಗಳಾರತಿ ಎತ್ತುತ್ತಿದ್ದಳು. ಹೀಗೆ ಕಾಯುತ್ತಾ ಕಾಯುತ್ತಾ ಆಟ ಅರ್ಥವಾಗತೊಡಗಿತು. ಆಮೇಲೆ ಕಳೆ ಕೀಳುವುದನ್ನು ಬಿಟ್ಟು ಬದುವಿಗೆ ಬರುವಷ್ಟು ರುಚಿ ಹತ್ತಿತು. 1995ರ ಹೊತ್ತಿಗೆ ಪಾಲಹಳ್ಳಿ ತಂಡ ಎಲ್ಲಿ ಆಡಿದರೂ ಗೆರೆಯಾಚೆ ಅವಳಿರಲೇಬೇಕು.

ತಂಡದಲ್ಲಿ ಅವಳಿಗೆ ಅಚ್ಚುಮೆಚ್ಚು ಟ್ರಾಕ್ಟರು ಓಡಿಸುವ ಚಿಕ್ಕಸ್ವಾಮಿ. ಮಾತು ಕಡಿಮೆ, ಓಟ ಜಾಸ್ತಿ. ಆ ವರ್ಷ ಶ್ರೀರಂಗಪಟ್ಟಣದಲ್ಲಿ ನಡೆದ ಫೈನಲ್ಲಿನಲ್ಲಿ ರೆಫ್ರಿ ಅಂದಾನಯ್ಯ ಪಾಲಹಳ್ಳಿಯ ಗೋಲನ್ನು ಒಪ್ಪಲಿಲ್ಲ. ಜನ ಮೈದಾನಕ್ಕೆ ನುಗ್ಗಿದರು. ನೂಕುನುಗ್ಗಲಿನಲ್ಲಿ ಯಾರೋ ಹಿಂದಿನಿಂದ ಗುದ್ದಿ, ರೆಫ್ರಿ ಮುಖ ಅಡಿಯಾಗಿ ಬಿದ್ದು ಹಣೆ ಒಡೆಯಿತು. ತಮ್ಮನ್ನು ಹೊಡೆದವನು ಚಿಕ್ಕಸ್ವಾಮಿ ಎಂದು ಅಂದಾನಯ್ಯ ವರದಿ ಕೊಟ್ಟರು. ಪಂದ್ಯ ನಡೆಸಿದ ಸಂಘದ ಶಿಸ್ತು ಸಮಿತಿ ಅವನನ್ನು ಎರಡು ವರ್ಷ ಆಟದಿಂದ ಹೊರಗಿಟ್ಟಿತು.

"ತಪ್ಪಾಯ್ತು ಅಂದ್ಬುಡ್ಲಾ, ಶಿಕ್ಷೆ ಇಳುಸ್ತಾರೆ," ಎಂದ ಪುಟ್ಟತಾಯಮ್ಮನ ಗಂಡ ನಂಜಪ್ಪ.

"ಮಾಡ್ದೇ ಇರೋದ್ನ ಎಂಗಣ್ಣ ಒಪ್ಕಳ್ಳದು?" ಎಂದ ಚಿಕ್ಕಸ್ವಾಮಿ. ಆ ಸಂಘದ ತೀರ್ಪನ್ನು ಅದುವರೆಗೆ ಯಾರೂ ಪ್ರಶ್ನಿಸಿರಲಿಲ್ಲ. ಅವನು ಮೇಲ್ಮನವಿ ಹಾಕಿದ.

ವಿಚಾರಣೆ ಪಾಂಡವಪುರದ ಒಂದು ಶಾಲೆಯಲ್ಲಿ, ಭಾನುವಾರ ಬೆಳಿಗ್ಗೆ. ಊರಿನ ಅರ್ಧ ಜನ ಟ್ರಾಕ್ಟರಿನ ಟ್ರೈಲರು ಹತ್ತಿದರು. ಗೆದ್ದರೆ ಬಾರಿಸಲು ತಮಟೆ ಇತ್ತು, ಸೋತರೆ ರೆಫ್ರಿಗೆ ಬಯ್ಯಲು ಬೇಕಾದಷ್ಟು ಬಾಯಿಗಳಿದ್ದವು. ಅದರಲ್ಲಿ ಪುಟ್ಟತಾಯಮ್ಮನದೇ ದೊಡ್ಡ ಬಾಯಿ. ದಾರಿಯುದ್ದಕ್ಕೂ ಅಂದಾನಯ್ಯನ ವಂಶವನ್ನೇ ಜಾಲಾಡಿದ್ದಳು.

ಒಳಗೆ ಬಿಡಲಿಲ್ಲ. ಅವಳು ಕಿಟಕಿಯ ಸರಳು ಹಿಡಿದು ನಿಂತಳು, ಬೆನ್ನಿಗೆ ಉಳಿದವರು ಒತ್ತರಿಸಿದರು. ಮೇಜಿನ ಹಿಂದೆ ಮೂವರು ಹಿರಿಯರು. ಒಂದು ಪಕ್ಕ ಚಿಕ್ಕಸ್ವಾಮಿ, ಇನ್ನೊಂದು ಪಕ್ಕ ಅಂದಾನಯ್ಯ. ಹಣೆಯ ಗಾಯ ಇನ್ನೂ ಪೂರ್ತಿ ಮಾದಿರಲಿಲ್ಲ.

"ಹೊಡೆದವನು ನೀನಲ್ಲ ಅಂತೀಯ. ಮತ್ತೆ ಯಾರು?" ಎಂದು ನಡುವೆ ಕೂತ ಹಿರಿಯರು ಕೇಳಿದರು.

"ಗೊತ್ತು ಸಾ. ಯೋಳಕಿಲ್ಲ."

"ಹೆಸರು ಹೇಳಿದರೆ ನಿನ್ನ ಶಿಕ್ಷೆ ಈಗಲೇ ಹೋಗುತ್ತೆ."

"ನಾನಲ್ಲ ಅಂತ ಯೋಳಾಕ್ ಬಂದಿವ್ನಿ ಸಾ. ಇನ್ನೊಬ್ಬುನ್ನ ಸಿಕ್ಕಾಕ್ಸಕ್ಕಲ್ಲ."

ಕೆಟ್ಟಿತು ಎಂದುಕೊಂಡಳು ಪುಟ್ಟತಾಯಮ್ಮ. ಹಿರಿಯರು ಕಾಗದ ಮಡಿಚಿದರು. ಆಗ ಅಂದಾನಯ್ಯ ಎದ್ದು ನಿಂತರು. ನಾಗಮಂಗಲದ ಕಡೆಯ ಒಂದು ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರು ಅವರು, ಸಣ್ಣ ಆಳು.

"ಒಂದು ಮಾತು. ಏಟು ಬಿದ್ದದ್ದು ಬೆನ್ನಿಗೆ. ಹೊಡೆದವನನ್ನ ನಾನು ನೋಡಲಿಲ್ಲ. ತಲೆ ಎತ್ತಿದಾಗ ಇವನು ಎದುರಿಗಿದ್ದ, ಕೈ ಮುಂದೆ ಚಾಚಿದ್ದ. ಅದೇ ಹೊಡೆದ ಕೈ ಅಂತ ಬರೆದುಬಿಟ್ಟೆ. ಹೊಡೆಯೋನು ಅಂಗೈ ಬಿಚ್ಚಿ ನನ್ನ ಮುಂದೆ ಬಗ್ಗಿ ನಿಲ್ತಾನಾ? ಎಬ್ಬಿಸೋಕೆ ಬಂದ ಕೈ ಅದು. ನನ್ನ ವರದಿ ತಪ್ಪು."

ಪುಟ್ಟತಾಯಮ್ಮ ಸರಳುಗಳಿಗೆ ಮುಖ ಒತ್ತಿ ಅವರನ್ನೇ ನೋಡಿದಳು. ತಪ್ಪು ಮಾಡಿ ದಕ್ಕಿಸಿಕೊಂಡವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಯಾರೂ ಬಲವಂತ ಮಾಡದೆ, ತನ್ನದೇ ಬರಹವನ್ನು ತಾನೇ ಸುಳ್ಳೆಂದು ನಾಲ್ಕು ಜನರೆದುರು ಹೇಳಿದವರನ್ನು ಕಂಡಿರಲಿಲ್ಲ.

ಮೂವರು ತಲೆ ಸೇರಿಸಿ ಮಾತಾಡಿಕೊಂಡರು. ಶಿಕ್ಷೆ ರದ್ದಾಯಿತು.

ತಮಟೆ ಹಿಡಿದವನು ಬಾರಿಸಲಿಲ್ಲ. ಬಾರಿಸು ಎಂದು ಯಾರೂ ಅನ್ನಲೂ ಇಲ್ಲ. ಚಿಕ್ಕಸ್ವಾಮಿ ಹೊರಬಂದಾಗ ನಂಜಪ್ಪ ಅವನ ಹೆಗಲು ಮುಟ್ಟಿ, ದೇವರ ಪ್ರಸಾದ ಮುಟ್ಟಿದವನಂತೆ ಕೈಯನ್ನು ಕಣ್ಣಿಗೊತ್ತಿಕೊಂಡ. ಹಿಂದೆಯೇ ಅಂದಾನಯ್ಯ ಬಂದರು. ಬಯ್ಯಲು ಬಂದ ಜನ ತಾವಾಗಿ ಇಬ್ಭಾಗವಾಗಿ ದಾರಿ ಬಿಟ್ಟರು. ಬಸ್‌ಸ್ಟಾಂಡಿನ ತನಕ ಬಿಡುತ್ತೇವೆಂದು ಚಿಕ್ಕಸ್ವಾಮಿಯೇ ಅವರನ್ನು ಟ್ರೈಲರಿಗೆ ಹತ್ತಿಸಿದ.

ಹೊಡೆದವನೂ ಅದೇ ಟ್ರೈಲರಿನಲ್ಲಿದ್ದನೋ ಏನೋ. ಪುಟ್ಟತಾಯಮ್ಮ ಒಬ್ಬರ ಮುಖವನ್ನೂ ಹುಡುಕಲು ಹೋಗಲಿಲ್ಲ. ಅಂದಾನಯ್ಯನ ಪಕ್ಕ ಕೂತು, ತಡೆಯಲಾರದೆ ಕೇಳಿದಳು: "ಅಷ್ಟು ಜನದ್ ಮುಂದೆ ನಂದೇ ತಪ್ಪು ಅನ್ನಕೆ ಎಂಗ್ ಮನ್ಸು ಬಂತು ಸಾಮಿ?"

ಅವರು ಅವಳ ಕಡೆ ತಿರುಗಿದರು. "ಅನುಮಾನ ಮೊದಲೇ ಇತ್ತು ತಾಯಿ. ಅವನು ಇನ್ನೊಬ್ಬನ ಹೆಸರು ಹೇಳಿದ್ದಿದ್ರೆ ನಾನೂ ಸುಮ್ಮನೆ ಕೂತಿರ್ತಿದ್ದೆನೋ ಏನೋ. ಹೇಳಲಿಲ್ಲ. ಆಮೇಲೆ ಕೂರೋದಕ್ಕೆ ಆಗಲಿಲ್ಲ."

ನಾಗಮಂಗಲದ ಬಸ್ಸು ಹೊರಡುವುದರಲ್ಲಿತ್ತು. ಅವರು ಓಡಿ ಹತ್ತಿದರು. ಅದು ತಿರುವು ದಾಟುವವರೆಗೂ ಪುಟ್ಟತಾಯಮ್ಮ ಟ್ರೈಲರಿನಲ್ಲಿ ಕೈಮುಗಿದು ನಿಂತಿದ್ದಳು.

ಊರಿಗೆ ಬಂದಾಗ ಪಕ್ಕದ ಮನೆಯ ಕುಳ್ಳಮ್ಮ ಜಗಲಿಯಿಂದಲೇ ಕೇಳಿದಳು: "ಗೆದ್ರೇನಮ್ಮಿ?"

"ಗೆದ್ದೋ ಕಣಕ್ಕ," ಎಂದಳು ಪುಟ್ಟತಾಯಮ್ಮ. ಅಷ್ಟೇ ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ ಅನ್ನಿಸಿತು. ಕುಳ್ಳಮ್ಮನ ಪಕ್ಕ ಜಗಲಿಯ ಮೇಲೆ ಕೂತು, ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು, ಮೊದಲಿನಿಂದ ಶುರುಮಾಡಿದಳು.